ಮನಸ್ಸಿನಲ್ಲಿ ಇಬ್ಬರಿದ್ದಾರೆ, ಮದುವೆ ಒಬ್ಬರ ಜೊತೆ: ಏನು ಮಾಡಲಿ?

ಓದುಗರ ಪ್ರಶ್ನೆ:

"ನನಗೆ 28 ವರ್ಷ. ಊರು ದಾವಣಗೆರೆ, ಕೆಲಸ ಬೆಂಗಳೂರಿನಲ್ಲಿ. ಎಂಜಿನಿಯರಿಂಗ್ ಓದುವಾಗ ಕ್ಲಾಸ್‌ಮೇಟ್ ಒಬ್ಬನನ್ನು ಪ್ರೀತಿಸಿದ್ದೆ. ಎಂಎಸ್ ಮಾಡೋಕೆ ಅವನು ಜರ್ಮನಿಗೆ ಹೋದ. ಮೊದಮೊದಲು ದಿನಾ ಕಾಲ್, ಆಮೇಲೆ ವಾರಕ್ಕೊಮ್ಮೆ, ಕೊನೆಗೆ ಹಬ್ಬಕ್ಕೊಂದು ಮೆಸೇಜ್. ಮುಗೀತು ಅಂತ ಇಬ್ಬರೂ ಬಾಯಿಬಿಟ್ಟು ಹೇಳಲಿಲ್ಲ. ಎರಡು ವರ್ಷದಿಂದ ನಮ್ಮ ಆಫೀಸಿನವರೇ ಒಬ್ಬರ ಜೊತೆ ಇದ್ದೇನೆ. ತುಂಬಾ ಒಳ್ಳೆಯವರು. ಎರಡೂ ಮನೆಯವರು ಒಪ್ಪಿದ್ದಾರೆ, ನಿಶ್ಚಿತಾರ್ಥಕ್ಕೆ ದಿನ ನೋಡುತ್ತಿದ್ದಾರೆ. ಈಗ ಅವನು ವಾಪಸ್ ಬಂದಿದ್ದಾನೆ. ಒಂದು ಸಲ ಕಾಫಿಗೆ ಸಿಕ್ಕೆವು. ಅವತ್ತಿನಿಂದ ಸರಿಯಾಗಿ ನಿದ್ದೆ ಇಲ್ಲ. ಲವ್ ಸಿನಿಮಾ ಹಾಕಿದರೆ ಅಳು ಬರುತ್ತದೆ. ಹೀರೋ ಜಾಗದಲ್ಲಿ ಒಂದು ದಿನ ಅವನು ಕಾಣಿಸುತ್ತಾನೆ, ಇನ್ನೊಂದು ದಿನ ಇವರು. ಅವನು ನಮ್ಮ ಜಾತಿಯವನಲ್ಲ, ಅಪ್ಪ ಒಪ್ಪೋದು ಕಷ್ಟ. ಒಂದೇ ಸಮಯಕ್ಕೆ ಇಬ್ಬರನ್ನು ಪ್ರೀತಿಸೋಕೆ ಆಗುತ್ತದಾ? ಇದರಲ್ಲಿ ಒಂದು ಸುಳ್ಳಾ? 'ಎರಡನೆಯವರನ್ನೇ ಆರಿಸು, ಮೊದಲನೆಯ ಪ್ರೀತಿ ನಿಜವಾಗಿದ್ದರೆ ಎರಡನೆಯದು ಹುಟ್ಟುತ್ತಲೇ ಇರಲಿಲ್ಲ' ಅನ್ನೋ ರೀಲ್ ಒಂದನ್ನು ಗೆಳತಿ ಕಳಿಸಿದಳು. ಅದು ಸರಿಯಾ? ನಾನು ಇಬ್ಬರಿಗೂ ಮೋಸ ಮಾಡ್ತಾ ಇದ್ದೀನಾ?"

ಉತ್ತರ:

ಯಾರನ್ನು ಆರಿಸಲಿ ಅಂತ ನೀವು ಎಲ್ಲೂ ಕೇಳಿಲ್ಲ, ಗಮನಿಸಿದಿರಾ? ಆಗುತ್ತದಾ, ಸುಳ್ಳಾ, ಸರಿಯಾ, ಮೋಸವಾ ಅಂತ ಕೇಳಿದ್ದೀರಿ. ನಿಮ್ಮನ್ನು ಜಾಸ್ತಿ ಕಾಡುತ್ತಿರುವುದು ಆ ಇಬ್ಬರಲ್ಲ, ನಿಮ್ಮ ಮೇಲೆ ನಿಮಗೇ ಬಂದಿರುವ ಅನುಮಾನ. ಹಾಗಾಗಿ ಮೊದಲು ಅದನ್ನೇ ನೋಡೋಣ. ಮಾತಿನ ಅನುಕೂಲಕ್ಕೆ ಜರ್ಮನಿಯಿಂದ ವಾಪಸ್ ಬಂದವರನ್ನು ದಾವಣಗೆರೆಯ ಗೆಳೆಯ, ನಿಮ್ಮ ಆಫೀಸಿನವರನ್ನು ಬೆಂಗಳೂರಿನ ಗೆಳೆಯ ಅಂತ ಕರೆಯುತ್ತೇನೆ.

ಒಂದೇ ಸಮಯಕ್ಕೆ ಇಬ್ಬರ ಮೇಲೆ ಪ್ರೀತಿ ಇರುವುದು ಸಾಧ್ಯ. ಆಪ್ತಸಮಾಲೋಚನೆಯ ಕೆಲಸದಲ್ಲಿ ನಾನು ಇದನ್ನು ಮತ್ತೆ ಮತ್ತೆ ನೋಡಿದ್ದೇನೆ. ಹಾಗೆ ಬಂದವರಲ್ಲಿ ಹೆಚ್ಚಿನವರು ಚಂಚಲರಲ್ಲ, ತುಂಬಾ ಯೋಚಿಸುವವರು. ನಾವು ಪ್ರೀತಿ ಅಂತ ಒಂದೇ ಹೆಸರಿಟ್ಟು ಕರೆಯುವುದರೊಳಗೆ ಬೇರೆ ಬೇರೆ ಭಾವಗಳಿವೆ. ಒಬ್ಬರ ಜೊತೆ ಇದ್ದಾಗ ಮೈಮನಸ್ಸು ನಿರಾಳವಾಗುತ್ತದೆ. ಇನ್ನೊಬ್ಬರ ಹೆಸರು ಫೋನಿನಲ್ಲಿ ಕಂಡರೆ ಎದೆ ಡವಡವ ಅನ್ನುತ್ತದೆ. ಎರಡನೆಯ ಸ್ಥಿತಿಯನ್ನು ಅಮೆರಿಕದ ಮನಶ್ಶಾಸ್ತ್ರಜ್ಞೆ ಡೊರೊಥಿ ಟೆನೋವ್ ವಿವರವಾಗಿ ಅಧ್ಯಯನ ಮಾಡಿ, ಅದಕ್ಕೆ ಲಿಮರೆನ್ಸ್ ಅಂತ ಹೆಸರು ಕೊಟ್ಟು 1979ರಲ್ಲಿ ಪುಸ್ತಕ ಬರೆದರು. ಬೇಡ ಅಂದರೂ ಅವರದೇ ಯೋಚನೆ ಬರುವುದು, ಒಂದು ಮೆಸೇಜಿನ ಮೇಲೆ ಇಡೀ ದಿನದ ಮೂಡ್ ನಿಲ್ಲುವುದು, ಅವರ ಚಿಕ್ಕ ಮಾತಿಗೂ ದೊಡ್ಡ ಅರ್ಥ ಹುಡುಕುವುದು, ಇವೆಲ್ಲ ಅದರ ಲಕ್ಷಣ. ಇದು ಬೆಳೆಯುವುದು ಆಸೆ ಮತ್ತು ಅನಿಶ್ಚಿತತೆ ಎರಡೂ ಸೇರಿದಾಗ ಅಂತ ಅವರು ತೋರಿಸಿದರು. ಸಿಗಬಹುದೋ ಏನೋ ಅನ್ನುವವರೆಗೆ ಉರಿಯುತ್ತದೆ. ಹೌದು ಅಥವಾ ಇಲ್ಲ ಅಂತ ಖಚಿತವಾದ ಮೇಲೆ ನಿಧಾನಕ್ಕೆ ಇಳಿಯುತ್ತದೆ.

ಆದ್ದರಿಂದ ನಿಮ್ಮ ಎರಡು ಭಾವಗಳಲ್ಲಿ ಯಾವುದೂ ಸುಳ್ಳಲ್ಲ. ಆದರೆ ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಲು ಹೋಗಬೇಡಿ. ಎದೆ ಯಾರಿಗೆ ಜಾಸ್ತಿ ಹೊಡೆದುಕೊಳ್ಳುತ್ತದೆ ಅನ್ನುವುದನ್ನೇ ಅಳತೆ ಮಾಡಿಕೊಂಡರೆ ಈಗ ತಾನೇ ವಾಪಸ್ ಬಂದವರೇ ಯಾವಾಗಲೂ ಗೆಲ್ಲುತ್ತಾರೆ. ಎರಡು ವರ್ಷ ಪಕ್ಕದಲ್ಲೇ ಇದ್ದವರಿಗೆ ಆ ಸ್ಪರ್ಧೆಯಲ್ಲಿ ಅವಕಾಶವೇ ಇಲ್ಲ.

ಇನ್ನು ಮೋಸದ ಮಾತು. ಮನಸ್ಸಿನಲ್ಲಿ ಭಾವನೆ ಬಂದದ್ದು ಮೋಸವಲ್ಲ. ಅದನ್ನು ಮುಚ್ಚಿಟ್ಟು ಬೆಳೆಸತೊಡಗಿದರೆ ಮೋಸ ಶುರುವಾಗುತ್ತದೆ. ಕಾಫಿಗೆ ಸಿಕ್ಕ ವಿಷಯ ಬೆಂಗಳೂರಿನ ಗೆಳೆಯನಿಗೆ ಗೊತ್ತಾ ಇಲ್ಲವಾ ಅಂತ ನೀವು ಬರೆದಿಲ್ಲ. ಗೊತ್ತಿಲ್ಲ ಅಂತಾದರೆ ನಿಮ್ಮ ನಿದ್ದೆ ಕೆಡಿಸಿರುವುದರಲ್ಲಿ ಅದರ ಪಾಲು ದೊಡ್ಡದಿರಬಹುದು.

ಆ ರೀಲ್‌ನ ಸಾಲನ್ನು ಬದಿಗಿಡಿ. ಕೇಳಲು ಚೆಂದ, ಆದರೆ ಅದರಲ್ಲಿ ತರ್ಕವಿಲ್ಲ. ಒಬ್ಬರು ದೂರ ಹೋಗಿ, ಮಾತು ನಿಂತು, ವರ್ಷಗಳಾದ ಮೇಲೆ ಇನ್ನೊಬ್ಬರ ಮೇಲೆ ಪ್ರೀತಿ ಹುಟ್ಟಿತು ಅಂದರೆ ಮೊದಲನೆಯದು ಸುಳ್ಳಾಗಿತ್ತು ಅಂತಲ್ಲ. ಮನುಷ್ಯರು ಮತ್ತೆ ಪ್ರೀತಿಸಬಲ್ಲರು ಅಂತ ಅಷ್ಟೇ. ಅದೇ ಮಾತನ್ನು ತಿರುಗಿಸಿ ನೋಡಿ: ಎರಡನೆಯದು ನಿಜವಾಗಿದ್ದರೆ ಮೊದಲನೆಯವನು ಬಂದಾಗ ಮನಸ್ಸು ಅಲುಗಾಡಬಾರದಿತ್ತು ಅಂತಲೂ ಹೇಳಬಹುದಲ್ವಾ? ಎರಡೂ ಕಡೆಗೆ ತಿರುಗುವ ಮಾತು ದಾರಿ ತೋರಿಸುವುದಿಲ್ಲ.

ಸಿನಿಮಾ ಬಗ್ಗೆ ಸ್ವಲ್ಪ ಜಾಸ್ತಿಯೇ ಹೇಳುತ್ತೇನೆ. ನನಗೆ ಲವ್ ಸಿನಿಮಾಗಳು ಇಷ್ಟ. ಅವನ್ನು ನೋಡಬೇಡಿ ಅಂತ ಯಾರಿಗೂ ಹೇಳಿಲ್ಲ. ಆದರೆ ಇಬ್ಬರ ನಡುವೆ ಆರಿಸಬೇಕಾದವರಿಗೆ ಅವುಗಳಿಂದ ಸಿಗುವ ಸಹಾಯ ಕಡಿಮೆ. ಯಾಕೆಂದರೆ ಹೆಚ್ಚಿನ ಪ್ರೇಮಕಥೆಗಳಲ್ಲಿ ಆರಿಸಬೇಕಾದವರು ಆರಿಸುವುದೇ ಇಲ್ಲ. ಕಥೆ ಬರೆದವರು ಇಬ್ಬರಲ್ಲಿ ಒಬ್ಬರನ್ನು ದಾರಿಯಿಂದ ಸರಿಸಿಬಿಡುತ್ತಾರೆ. ಒಬ್ಬ ಸಾಯುತ್ತಾನೆ, ಇಲ್ಲ ಕೆಟ್ಟವನು ಅಂತ ಗೊತ್ತಾಗುತ್ತದೆ, ಇಲ್ಲ ತಾನಾಗಿಯೇ ತ್ಯಾಗ ಮಾಡುತ್ತಾನೆ. ಉಳಿದವರ ಕೈ ಹಿಡಿದರೆ ಕಥೆ ಮುಗಿಯಿತು.

2006ರ ಕೊನೆಯಲ್ಲಿ ಬಂದ 'ಮುಂಗಾರು ಮಳೆ' ನೆನಪಿಸಿಕೊಳ್ಳಿ. ನಂದಿನಿಗೆ ಗೌತಮ್ ಜೊತೆ ಮದುವೆ ಗೊತ್ತಾಗಿದೆ, ಅವಳ ಮನಸ್ಸು ಪ್ರೀತಮ್ ಕಡೆ ವಾಲಿದೆ. ಕೊನೆಗೆ ಪ್ರೀತಮ್ ಬಿಟ್ಟುಕೊಡುತ್ತಾನೆ. ನಾವೆಲ್ಲ ಅವನಿಗಾಗಿ ಅತ್ತೆವು. ಆದರೆ ಬದುಕಬೇಕಾದದ್ದು ನಂದಿನಿ. ಅವಳ ಬದುಕಿನ ನಿರ್ಧಾರ ತೆಗೆದುಕೊಂಡದ್ದು ಅವನು. ಥಿಯೇಟರಿನಲ್ಲಿ ಇದು ಗಮನಕ್ಕೆ ಬರುವುದಿಲ್ಲ, ಮಳೆ ಮತ್ತು ಹಾಡು ಅಷ್ಟು ಚೆನ್ನಾಗಿವೆ. ನಿಮ್ಮ ಬದುಕಿನಲ್ಲಿ ಇಬ್ಬರೂ ಒಳ್ಳೆಯವರು, ಇಬ್ಬರೂ ಬದುಕಿದ್ದಾರೆ, ಇಬ್ಬರೂ ಬಿಟ್ಟುಕೊಡುತ್ತೇನೆ ಅಂತ ಹೇಳಿಲ್ಲ. ಯಾರೋ ಒಬ್ಬರು ತಾವಾಗಿ ಸರಿದುಹೋಗಲಿ ಅಂತ ನೀವು ಒಳಗೊಳಗೇ ಕಾಯುತ್ತಿದ್ದೀರಾ ನೋಡಿಕೊಳ್ಳಿ. ಹಾಗೆ ಕಾದವರು ಎಷ್ಟೋ ಸಲ ತಮಗೇ ಗೊತ್ತಿಲ್ಲದೆ ಒಬ್ಬರ ಜೊತೆ ಸಣ್ಣಸಣ್ಣದಕ್ಕೆ ಜಗಳ ತೆಗೆಯುತ್ತಾರೆ. ಅವರೇ ಬೇಸತ್ತು ಬಿಟ್ಟುಹೋಗಲಿ ಅಂತ. ಅದು ಆ ವ್ಯಕ್ತಿಗೆ ತುಂಬಾ ಕ್ರೂರ.

1999ರ ಹಿಂದಿ ಚಿತ್ರ 'ಹಮ್ ದಿಲ್ ದೇ ಚುಕೆ ಸನಮ್'ನಲ್ಲಿ ಆರಿಸುವವಳು ಹೆಣ್ಣೇ. ಅದು ವಿಶೇಷ. ಆದರೆ ಅಲ್ಲಿ ಗಂಡನೇ ಹೆಂಡತಿಯನ್ನು ಇಟಲಿಗೆ ಕರೆದುಕೊಂಡು ಹೋಗಿ ಅವಳ ಪ್ರಿಯಕರನನ್ನು ಹುಡುಕಿಸುತ್ತಾನೆ. ನಿಜವಾದ ಮನುಷ್ಯರಿಂದ ಅಷ್ಟನ್ನು ನಿರೀಕ್ಷೆ ಮಾಡಬೇಡಿ. ನೀವು ವಿಷಯ ಹೇಳಿದಾಗ ಬೆಂಗಳೂರಿನ ಗೆಳೆಯನಿಗೆ ಸಿಟ್ಟು ಬರಬಹುದು, ಅವಮಾನ ಅನ್ನಿಸಬಹುದು. ಅದಕ್ಕೆ ಅವರಿಗೆ ಹಕ್ಕಿದೆ.

ನನ್ನ ಮಟ್ಟಿಗೆ ಈ ವಿಷಯದಲ್ಲಿ ತುಂಬಾ ಪ್ರಾಮಾಣಿಕವಾದ ಕನ್ನಡ ಸಿನಿಮಾ 1974ರ 'ಎರಡು ಕನಸು'. ರಾಜ್‌ಕುಮಾರ್ ಪಾತ್ರ ಮನಸ್ಸಿನಲ್ಲಿ ಲಲಿತಾಳನ್ನು ಇಟ್ಟುಕೊಂಡು ಗೌರಿಯನ್ನು ಮದುವೆಯಾಗುತ್ತದೆ. ಅವನು ಕೆಟ್ಟವನಲ್ಲ. ಹೊಡೆಯುವುದಿಲ್ಲ, ಬೈಯುವುದಿಲ್ಲ. ಗೌರಿ ಕಡೆ ತಿರುಗಿ ನೋಡುವುದಿಲ್ಲ, ಅಷ್ಟೇ. ಗೌರಿಯ ಪಾತ್ರದಲ್ಲಿ ಕಲ್ಪನಾ ಆ ಮನೆಯೊಳಗೆ ಓಡಾಡುವುದನ್ನು ಇನ್ನೊಮ್ಮೆ ನೋಡಿ. ಏನೂ ತಪ್ಪು ಮಾಡದ ಒಬ್ಬ ಹೆಣ್ಣುಮಗಳು ತನ್ನದೇ ಮನೆಯಲ್ಲಿ ಅತಿಥಿಯ ಹಾಗೆ ಬದುಕುತ್ತಾಳೆ. ಅತ್ತ ಲಲಿತಾ ತನ್ನ ಸಂಸಾರದಲ್ಲಿ ಸುಖವಾಗಿದ್ದಾಳೆ ಅನ್ನುವುದು ಆಮೇಲೆ ಗೊತ್ತಾಗುತ್ತದೆ. ಆರಿಸದೆ ಮದುವೆಯಾದರೆ ಬೆಲೆ ತೆರುವವರು ಯಾರು ಅಂತ ಆ ಸಿನಿಮಾ ತೋರಿಸಿದ್ದು ಐವತ್ತು ವರ್ಷ ಕಳೆದರೂ ಹಳೆಯದಾಗಿಲ್ಲ. 2023ರ 'ಸಪ್ತ ಸಾಗರದಾಚೆ ಎಲ್ಲೋ' ಎರಡನೇ ಭಾಗದಲ್ಲೂ ಇದೇ ನೋವಿದೆ. ಪಕ್ಕದಲ್ಲಿ ಸುರಭಿ ಇದ್ದರೂ ಮನುವಿನ ಮನಸ್ಸು ಪ್ರಿಯಾಳನ್ನೇ ಹಿಂಬಾಲಿಸುತ್ತದೆ. ಎಲ್ಲರೂ ಮನುವಿನ ಪ್ರೀತಿಯ ಬಗ್ಗೆ ಮಾತಾಡಿದರು. ನನಗೆ ಸುರಭಿಯ ಚಿಂತೆಯಾಯಿತು.

ಸಿನಿಮಾದಿಂದ ನಮ್ಮೊಳಗೆ ಇಳಿದ ಇನ್ನೊಂದು ನಂಬಿಕೆ, ನಿಜವಾದ ಪ್ರೀತಿ ಕ್ಲೈಮ್ಯಾಕ್ಸ್‌ನಲ್ಲಿ ಗೊತ್ತಾಗುತ್ತದೆ ಅನ್ನುವುದು. ಓಟ, ಮಳೆ, ಮಂಟಪ, ಕೊನೇ ಕ್ಷಣ. 1974ರಲ್ಲಿ ಡಟನ್ ಮತ್ತು ಆರನ್ ಎಂಬ ಸಂಶೋಧಕರು ಕೆನಡಾದ ವ್ಯಾಂಕೂವರ್ ಹತ್ತಿರದ ಕ್ಯಾಪಿಲಾನೊ ತೂಗುಸೇತುವೆಯ ಮೇಲೆ ಒಂದು ಪ್ರಯೋಗ ಮಾಡಿದರು. ಭಯ ಹುಟ್ಟಿಸುವ ಆ ಸೇತುವೆಯ ಮೇಲೆ ಯುವತಿಯೊಬ್ಬಳು ಗಂಡಸರನ್ನು ಮಾತಾಡಿಸಿ, ಬೇಕಾದರೆ ಫೋನ್ ಮಾಡಿ ಅಂತ ನಂಬರ್ ಕೊಟ್ಟಳು. ಗಟ್ಟಿಯಾದ, ತಗ್ಗಿನ ಸೇತುವೆಯ ಮೇಲೆ ಸಿಕ್ಕವರಿಗಿಂತ ಇವರೇ ಹೆಚ್ಚಾಗಿ ಆಮೇಲೆ ಅವಳಿಗೆ ಫೋನ್ ಮಾಡಿದರು. ಭಯದಿಂದ ಎದೆ ಹೊಡೆದುಕೊಂಡರೂ ಮನಸ್ಸು ಅದನ್ನು ಆಕರ್ಷಣೆ ಅಂತ ಓದಿಕೊಳ್ಳಬಹುದು ಅಂತ ಅವರ ವಿವರಣೆ. ನಿಮ್ಮ ಸ್ಥಿತಿ ನೋಡಿ. ನಿಶ್ಚಿತಾರ್ಥ ಹತ್ತಿರವಾಗುತ್ತಿದೆ, ಅಪ್ಪನ ಭಯ ಇದೆ, ಗುಟ್ಟೊಂದಿದೆ. ಇಷ್ಟೆಲ್ಲ ಇರುವಾಗ ಎದೆಯ ಬಡಿತ ಪೂರ್ತಿ ಪ್ರೀತಿಯದೇ ಅಂತ ತಿಳಿಯುವುದು ಬೇಡ.

ಈಗ ಇದು ಯಾಕೆ ಹೀಗಾಯಿತು ಅಂತ ನೋಡೋಣ. ದಾವಣಗೆರೆಯ ಗೆಳೆಯನ ಜೊತೆ ನಿಮ್ಮ ಸಂಬಂಧ ಮುಗಿಯಲಿಲ್ಲ, ಸುಮ್ನೆ ನಿಂತುಹೋಯಿತು. ಜಗಳವಾಗಿ ಮುರಿದಿದ್ದರೆ ಅತ್ತು, ಸಿಟ್ಟು ಮಾಡಿಕೊಂಡು, ಮುಂದೆ ಹೋಗುತ್ತಿದ್ದಿರಿ. ಅದಾಗಲಿಲ್ಲ. ನಿಮ್ಮ ಮನಸ್ಸಿನಲ್ಲಿರುವುದು ಕಾಲೇಜು ಮುಗಿಸಿದ ಹುಡುಗ. ಈಗ ಬಂದಿರುವುದು ಹೊರದೇಶದಲ್ಲಿ ವರ್ಷಗಟ್ಟಲೆ ಒಬ್ಬನೇ ಇದ್ದು ಬದಲಾದ ಗಂಡಸು. ಇವರನ್ನು ನೀವು ಒಂದು ಕಾಫಿಯಷ್ಟು ಮಾತ್ರ ಬಲ್ಲಿರಿ.

ನನ್ನ ಹತ್ತಿರ ಬರುತ್ತಿದ್ದ ಒಬ್ಬ ಹುಡುಗಿಯ ಮಾತು ಇಲ್ಲಿ ಹೇಳಬೇಕು. ಗುರುತು ಸಿಗದ ಹಾಗೆ ವಿವರ ಬದಲಿಸಿದ್ದೇನೆ. ಹಳೆಯ ಗೆಳೆಯನ ಬಗ್ಗೆ ಮಾತಾಡುವಾಗ ಅವಳು ಪ್ರತಿ ಸಲವೂ ಅವವೇ ಘಟನೆ ಹೇಳುತ್ತಿದ್ದಳು: ಬಸ್ ಸ್ಟ್ಯಾಂಡಿನಲ್ಲಿ ಅರ್ಧ ಒದ್ದೆಯಾಗಿ ನಿಂತದ್ದು, ಕಾಲೇಜ್ ಫೆಸ್ಟಿನ ರಾತ್ರಿ, ಏರ್‌ಪೋರ್ಟಿನಲ್ಲಿ ಕೈ ಬಿಟ್ಟದ್ದು. ಪದಗಳೂ ಬದಲಾಗುತ್ತಿರಲಿಲ್ಲ. ಈಗಿನವನ ಬಗ್ಗೆ ಮಾತ್ರ ಪ್ರತಿ ಸಲ ಹೊಸ ಸುದ್ದಿ ಇರುತ್ತಿತ್ತು. ಚಿತ್ರಾನ್ನದ ಒಗ್ಗರಣೆ ಸೀದುಹೋದರೂ ಚೆನ್ನಾಗಿದೆ ಅಂತ ತಾನೇ ತಿಂದ, ಜಮೀನಿನ ವಿಷಯಕ್ಕೆ ಅಣ್ಣನ ಹತ್ತಿರ ಜಗಳ ಆಡಿ ಬಂದು ರಾತ್ರಿಯೆಲ್ಲ ಮಾತಾಡಲಿಲ್ಲ, ಅವಳ ಅಮ್ಮನ ಕಣ್ಣಿನ ಆಪರೇಷನ್ನಿಗೆ ರಜೆ ಹಾಕಿದ. ಒಬ್ಬನ ಕಥೆ ನಿಂತಿದೆ, ಇನ್ನೊಬ್ಬನದು ನಡೆಯುತ್ತಿದೆ ಅಂತ ಒಂದು ದಿನ ಅವಳೇ ಗುರುತಿಸಿದಳು. ಅವಳು ಯಾರನ್ನು ಆರಿಸಿದಳು ಅನ್ನುವುದು ನಿಮಗೆ ಬೇಡ. ಅವಳು ಮಾಡಿದ್ದು ಮಾತ್ರ ಕೇಳಿ. ಹಳೆಯ ಗೆಳೆಯನನ್ನು ಅವನ ಮನೆಯಲ್ಲಿ, ಹಗಲು ಹೊತ್ತಿನಲ್ಲಿ, ಅವನ ಅಪ್ಪ ಅಮ್ಮನ ಎದುರು ಭೇಟಿಯಾದಳು. ಅವನು ಅಮ್ಮನ ಜೊತೆ ಹೇಗೆ ಮಾತಾಡುತ್ತಾನೆ, ದುಡ್ಡಿನ ಮಾತು ಬಂದರೆ ಏನು ಮಾಡುತ್ತಾನೆ, ಅವಳ ಕೆಲಸದ ಬಗ್ಗೆ ಕೇಳುತ್ತಾನಾ ಅಂತ ನೋಡಿದಳು. ಮೇಣದಬತ್ತಿ ಹಚ್ಚಿದ ಕೆಫೆಯಲ್ಲಿ ಇದು ಯಾವುದೂ ಗೊತ್ತಾಗುವುದಿಲ್ಲ.

ಇನ್ನೊಂದು ಕಾರಣ ಸಮಯ. ಕಲ್ಯಾಣ ಮಂಟಪ ನೋಡಲು ಶುರು ಮಾಡಿದಾಗ ಹಳೆಯ ನಂಬರುಗಳು ನೆನಪಾಗುವುದು ತುಂಬಾ ಸಾಮಾನ್ಯ. ಇನ್ನು ಮುಂದೆ ಬಾಗಿಲು ಮುಚ್ಚುತ್ತದೆ ಅನ್ನುವ ಭಯಕ್ಕೆ ಮನಸ್ಸು ಆಗ ಯಾರದ್ದಾದರೂ ಮುಖ ಕೊಡುತ್ತದೆ. ಅದು ಮದುವೆಯ ಭಯವೋ, ದಾವಣಗೆರೆಯ ಗೆಳೆಯನ ಮೇಲಿನ ಪ್ರೀತಿಯೋ ಅಂತ ಬೇರ್ಪಡಿಸಬೇಕು.

ಮೂರನೆಯದು ಜಾತಿ. ನೀವು ಅದನ್ನು ಒಂದೇ ಸಾಲಿನಲ್ಲಿ ಬರೆದು ಮುಂದೆ ಹೋಗಿದ್ದೀರಿ. ಒಂದು ಕ್ಷಣ ಇಬ್ಬರ ಜಾತಿ ಅದಲು ಬದಲಾಗಿದೆ ಅಂದುಕೊಳ್ಳಿ. ಅಪ್ಪ ಒಪ್ಪುವುದು ದಾವಣಗೆರೆಯವರನ್ನು, ಬೆಂಗಳೂರಿನವರನ್ನಲ್ಲ. ಆಗ ನಿಮ್ಮ ಮನಸ್ಸು ಎಲ್ಲಿ ನಿಲ್ಲುತ್ತದೆ? ಉತ್ತರ ಬದಲಾದರೆ ನಿಮ್ಮೆದುರು ಇರುವುದು ಇಬ್ಬರು ಗಂಡಸರ ನಡುವಿನ ಆಯ್ಕೆಯಲ್ಲ. ಪ್ರೀತಿಸಿದವರ ಮತ್ತು ಅಪ್ಪನ ನಡುವಿನದ್ದು. ಅದನ್ನು ಬೇರೆ ರೀತಿಯಲ್ಲೇ ಎದುರಿಸಬೇಕಾಗುತ್ತದೆ.

ನಿಮ್ಮ ಮುಂದಿರುವ ದಾರಿಗಳಲ್ಲಿ ನಾನು ಗಟ್ಟಿಯಾಗಿ ಬೇಡ ಅನ್ನುವುದು ಒಂದೇ. ಯಾರಿಗೂ ಏನೂ ಹೇಳದೆ, ಎಲ್ಲಾ ತಾನಾಗೇ ಸರಿಹೋಗುತ್ತದೆ ಅಂತ ನಿಶ್ಚಿತಾರ್ಥಕ್ಕೆ ಕೂರುವುದು. ಮದುವೆಯಾದರೆ ಮರೆತುಹೋಗುತ್ತೆ ಅಂತ ಹಿರಿಯರು ಹೇಳಬಹುದು. ಕೆಲವರಿಗೆ ಹಾಗಾಗುತ್ತದೆ. ಆದರೆ ಆಗದಿದ್ದರೆ ಅದರ ಭಾರ ಬೀಳುವುದು ಏನೂ ಗೊತ್ತಿಲ್ಲದೆ ನಿಮ್ಮನ್ನು ನಂಬಿದವರ ಮೇಲೆ. ಕಾನೂನಿನ ಲೆಕ್ಕದಲ್ಲೂ ನಿಶ್ಚಿತಾರ್ಥ ಮದುವೆಯಲ್ಲ. ಅದನ್ನು ನಿಲ್ಲಿಸಿದರೆ ಮುಜುಗರ ಇದೆ, ಖರ್ಚು ಇದೆ, ಅಷ್ಟೇ. ಹಿಂದೂ ವಿವಾಹ ಕಾಯ್ದೆಯಡಿ ಮದುವೆಯಾದ ಮೇಲೆ ಪರಸ್ಪರ ಒಪ್ಪಿಗೆಯ ವಿಚ್ಛೇದನಕ್ಕೂ ಸಾಮಾನ್ಯವಾಗಿ ಒಂದು ವರ್ಷ ಬೇರೆ ಇದ್ದು, ಅರ್ಜಿ ಹಾಕಿ, ಮತ್ತೆ ಆರು ತಿಂಗಳು ಕಾಯಬೇಕು.

ಬೆಂಗಳೂರಿನ ಗೆಳೆಯನ ಜೊತೆಯೇ ಮುಂದೆ ಹೋಗುತ್ತೇನೆ ಅಂತ ನಿರ್ಧರಿಸಿದರೆ ಹಳೆಯದನ್ನು ಈ ಸಲ ಮಾತಿನಲ್ಲಿ ಹೇಳಿ ಮುಗಿಸಿ. ಮೆಸೇಜಿನಲ್ಲಿ ಬೇಡ. ಇಷ್ಟು ವರ್ಷ ಯಾರೂ ಹೇಳದೆ ಉಳಿದ ಮಾತು ಅದು. ಇದರಲ್ಲಿರುವ ಅಪಾಯ, 'ಆ ದಾರಿ ಹಿಡಿದಿದ್ದರೆ' ಅನ್ನುವ ಯೋಚನೆ ಮುಂದೆ ಯಾವುದೋ ಜಗಳದ ದಿನ ಮತ್ತೆ ಏಳಬಹುದು. ಎದ್ದಾಗ ಅದು ನೆನಪು ಅಂತ ಗುರುತಿಸಿದರೆ ಸಾಕು.

ದಾವಣಗೆರೆಯ ಗೆಳೆಯನ ಕಡೆ ಮನಸ್ಸು ವಾಲಿದರೆ ಮೊದಲು ಈ ಪ್ರಶ್ನೆ ಕೇಳಿಕೊಳ್ಳಿ: ನಾಳೆ ಅವನು ಬೇಡ ಅಂದರೂ ನೀವು ಬೆಂಗಳೂರಿನವರನ್ನು ಬಿಡುತ್ತೀರಾ? ಹೌದು ಅಂದರೆ ಈ ಸಂಬಂಧದಲ್ಲೇ ಏನೋ ಕೊರತೆ ಇದೆ, ಅದನ್ನು ನೋಡಬೇಕು. ಇಲ್ಲ ಅಂದರೆ ಒಬ್ಬ ಒಳ್ಳೆಯ ಮನುಷ್ಯನನ್ನು ನೀವು ಸ್ಟೆಪ್ನಿ ಥರ ಇಟ್ಟುಕೊಂಡಿದ್ದೀರಿ. ಮಾತು ಕಟುವಾಯಿತು, ಆದರೆ ಹೇಳಲೇಬೇಕು. ಇನ್ನು ದಾವಣಗೆರೆಯ ಗೆಳೆಯ ಯಾಕೆ ವಾಪಸ್ ಬಂದ, ಇಲ್ಲೇ ಇರುತ್ತಾನಾ, ಅಷ್ಟು ವರ್ಷ ಯಾಕೆ ಮಾತು ನಿಂತಿತು, ಮತ್ತೆ ದೂರ ಇರಬೇಕಾಗಿ ಬಂದರೆ ಏನು ಮಾಡುತ್ತಾನೆ ಅಂತ ನೇರವಾಗಿ ಕೇಳಿ. ಮನೆಯ ವಿರೋಧವನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ವಯಸ್ಕರಿಬ್ಬರು ಒಪ್ಪಿ ಮದುವೆಯಾಗಲು ಮನೆಯವರ, ಜಾತಿಯವರ ಅನುಮತಿ ಬೇಕಿಲ್ಲ ಅಂತ ಸುಪ್ರೀಂ ಕೋರ್ಟ್ 2018ರಲ್ಲಿ ಸ್ಪಷ್ಟವಾಗಿ ಹೇಳಿದೆ. 1954ರ ವಿಶೇಷ ವಿವಾಹ ಕಾಯ್ದೆಯಡಿ 30 ದಿನದ ನೋಟಿಸ್ ಕೊಟ್ಟು ಮದುವೆಯಾಗಬಹುದು. ಆದರೆ ಆ ನೋಟಿಸ್ ಕಚೇರಿಯಲ್ಲಿ ಎಲ್ಲರಿಗೂ ಕಾಣುವ ಹಾಗೆ ಹಾಕುತ್ತಾರೆ. ಮನೆಯಲ್ಲಿ ಬೆದರಿಕೆ, ಕೂಡಿಹಾಕುವುದು ಇಂಥದ್ದರ ಸೂಚನೆ ಇದ್ದರೆ ಮೊದಲು ವಕೀಲರ ಹತ್ತಿರ ಮಾತಾಡಿ.

ಇಬ್ಬರೂ ಬೇಡ, ಸ್ವಲ್ಪ ದಿನ ಒಬ್ಬಳೇ ಇರುತ್ತೇನೆ ಅನ್ನುವುದೂ ಒಂದು ಉತ್ತರ. ಯಾರೂ ಅದನ್ನು ಆಯ್ಕೆ ಅಂತ ಎಣಿಸುವುದಿಲ್ಲ, ಅದಕ್ಕೇ ಹೇಳಿದೆ.

ಯಾವ ದಾರಿ ಹಿಡಿದರೂ ನೋವಾಗುತ್ತದೆ. ಅಲ್ಲೇ ತುಂಬಾ ಜನ ಎಡವುತ್ತಾರೆ. ಇಷ್ಟು ನೋವಾಗುತ್ತಿದೆ ಅಂದರೆ ತಪ್ಪು ಆರಿಸಿದೆ ಅಂತ ಓಡಿ ವಾಪಸ್ ಹೋಗುತ್ತಾರೆ. ಒಳ್ಳೆಯ ಇಬ್ಬರಲ್ಲಿ ಯಾರನ್ನು ಬಿಟ್ಟರೂ ದುಃಖವಾಗುತ್ತದೆ. ಅದು ನಷ್ಟದ ದುಃಖ. 2002ರಲ್ಲಿ ಪ್ರಕಟವಾದ ಗಿಲ್ಬರ್ಟ್ ಮತ್ತು ಎಬರ್ಟ್ ಅವರ ಅಧ್ಯಯನವೊಂದರಲ್ಲಿ ಫೋಟೋಗ್ರಫಿ ಕಲಿಯುವ ವಿದ್ಯಾರ್ಥಿಗಳಿಗೆ ತಾವೇ ತೆಗೆದ ಎರಡು ಚಿತ್ರಗಳಲ್ಲಿ ಒಂದನ್ನು ಇಟ್ಟುಕೊಳ್ಳಲು ಹೇಳಿದರು. ಕೆಲವರಿಗೆ ಆಮೇಲೆ ಬದಲಿಸಬಹುದು ಅಂದರು, ಕೆಲವರಿಗೆ ಇಲ್ಲ ಅಂದರು. ಬದಲಿಸುವ ಅವಕಾಶ ಇದ್ದವರಿಗೇ ತಮ್ಮ ಚಿತ್ರ ಕಡಿಮೆ ಇಷ್ಟವಾಯಿತು. ಮದುವೆ ಫೋಟೋ ಅಲ್ಲ, ಒಪ್ಪುತ್ತೇನೆ. ಆದರೆ ಆರ್ಕೈವ್ ಮಾಡಿಟ್ಟ ಚಾಟ್, ಆಗಾಗ ಇಣುಕುವ ಇನ್‌ಸ್ಟಾಗ್ರಾಂ ಸ್ಟೋರಿ ಇದೇ ಕೆಲಸ ಮಾಡುವುದನ್ನು ನಾನು ಕಂಡಿದ್ದೇನೆ. ಬಾಗಿಲು ಅರ್ಧ ತೆರೆದಿದ್ದರೆ ಮನಸ್ಸು ಇದ್ದಲ್ಲಿ ಕೂರುವುದಿಲ್ಲ.

ಇವತ್ತಿನಿಂದ ಏನು ಮಾಡಬೇಕು ಅಂತ ಕೇಳಿದರೆ, ಮೊದಲು ಅಮ್ಮನಿಗೋ ಅಕ್ಕನಿಗೋ, ಮನೆಯಲ್ಲಿ ನಂಬಿಕೆಯಿರುವ ಒಬ್ಬರಿಗೆ ಹೇಳಿ ನಿಶ್ಚಿತಾರ್ಥದ ದಿನ ಗೊತ್ತುಮಾಡುವುದನ್ನು ಒಂದೆರಡು ತಿಂಗಳು ಮುಂದೂಡಿ. ಕಾರಣ ಕೇಳಿದರೆ 'ನನಗೆ ಸ್ವಲ್ಪ ಸಮಯ ಬೇಕು' ಅಂದರೆ ಸಾಕು. ಆದರೆ ಆ ಸಮಯಕ್ಕೆ ಕೊನೆಯ ದಿನ ಇರಲಿ, ಇಲ್ಲದಿದ್ದರೆ ಎರಡು ತಿಂಗಳು ಎರಡು ವರ್ಷವಾಗುತ್ತದೆ. ನಿದ್ದೆ ಇಲ್ಲದೆ ನಿರ್ಧಾರ ಮಾಡಬೇಡಿ. ವಾರಗಟ್ಟಲೆ ನಿದ್ದೆ, ಊಟ ಕೆಟ್ಟಿದ್ದರೆ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಿ. ಮಾನಸಿಕ ಆರೋಗ್ಯಕ್ಕಾಗಿ ಸರ್ಕಾರದ ಉಚಿತ ಸೇವೆ ಅದು, ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು.

ಬೆಂಗಳೂರಿನ ಗೆಳೆಯನಿಗೆ ಮಾತ್ರ ಆ ಕೊನೆಯ ದಿನದವರೆಗೆ ಕಾಯದೆ ಈ ವಾರವೇ ಹೇಳಿ. ಹಳೆಯ ಗೆಳೆಯ ಬಂದಿದ್ದಾನೆ, ಒಮ್ಮೆ ಭೇಟಿಯಾದೆ, ನನ್ನ ಮನಸ್ಸು ಕಲಕಿದೆ, ಯೋಚಿಸಲು ಸಮಯ ಬೇಕು. ಇಷ್ಟೇ ಸಾಕು. ಹಳೆಯ ಪ್ರೀತಿಯ ಪೂರ್ತಿ ಕಥೆ ಬೇಡ, ಹೋಲಿಕೆ ಬೇಡ, ನೀವು ತುಂಬಾ ಒಳ್ಳೆಯವರು ಅಂತ ಸಮಾಧಾನವೂ ಬೇಡ. ಆಫೀಸಿನಲ್ಲಿ ಹೇಳಬೇಡಿ, ಮರುದಿನ ಅವರೂ ಅಲ್ಲೇ ಕೂತು ಕೆಲಸ ಮಾಡಬೇಕು. ಶನಿವಾರ ಬೆಳಿಗ್ಗೆ ಎಲ್ಲಾದರೂ ಹೊರಗೆ ಕೂತು ಹೇಳಿ. ಅವರು ಸುಮ್ಮನಾದರೆ ಆ ಮೌನ ತುಂಬಲು ಹೋಗಬೇಡಿ. ಎದ್ದು ಹೋಗುತ್ತೇನೆ ಅಂದರೆ ತಡೆಯಬೇಡಿ. ಕಾಯುತ್ತೇನೆ ಅಂದರೆ ಯಾವ ದಿನದವರೆಗೆ ಅಂತ ಇಬ್ಬರೂ ಕೂತು ಮಾತಾಡಿಕೊಳ್ಳಿ.